ಉತ್ತರಕ್ಕೆ ತಲೆ ಹಾಕಿದ ದೇಶ

ಗೆದ್ದಲಿಗೆ ಭೂಗೋಳದ ಮೇಲೆ ಅಷ್ಟೊಂದು ಆಸೆ ಏಕೋ ನನಗೆ ಇಂದಿಗೂ ತಿಳಿಯದು. ನನ್ನ ಶಾಲೆಯಲ್ಲಿ ಕನ್ನಡದ ಪುಸ್ತಕಗಳಿದ್ದವು, ಮಗ್ಗಿ ಪುಸ್ತಕವಿತ್ತು, ಅವನ್ನು ಅದು ಮೂಸಿಯೂ ನೋಡಲಿಲ್ಲ. ಗೋಡೆಗೆ ತೂಗುಹಾಕಿದ್ದ ಹಿಂದೂಸ್ಥಾನದ ನಕ್ಷೆಯನ್ನು ಮಾತ್ರ ಒಂದೇ ಮಳೆಗಾಲದಲ್ಲಿ ಕಾಶ್ಮೀರದಿಂದ ಹಿಡಿದು ಕನ್ಯಾಕುಮಾರಿಯವರೆಗೆ ತಿಂದು ಮುಗಿಸಿತು. ಉಳಿದದ್ದು ಒಂದಿಷ್ಟು ಸಮುದ್ರ, ಮೂಲೆಯಲ್ಲಿ ಸಿಂಹಳ. ಅಷ್ಟನ್ನೇ ಇಟ್ಟುಕೊಂಡು ನಾನು ಮಕ್ಕಳಿಗೆ ಈ ಮಹಾದೇಶವನ್ನು ಕಲಿಸಬೇಕಾಗಿತ್ತು.

ಆಗ ನಾನು ಹೊಸದುರ್ಗ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಮೇಷ್ಟ್ರಾಗಿದ್ದೆ. ಮಹಾರಾಜರ ಸರ್ಕಾರದ ಕೆಲಸವೆಂದು ನಮ್ಮಪ್ಪ ಚಿತ್ರದುರ್ಗದಲ್ಲಿ ಹತ್ತು ಮನೆಗೆ ಸಕ್ಕರೆ ಹಂಚಿದ್ದರು. ಬಂದು ನೋಡಿದರೆ ಊರಿಗೆ ಶಾಲೆಯ ಕಟ್ಟಡವೇ ಇಲ್ಲ. ಗೌಡರ ಮನೆಯ ಜಗಲಿಯೇ ಶಾಲೆ, ಅವರ ಅಂಗಳವೇ ಆಟದ ಬಯಲು. ಜಗಲಿ ಬಿಟ್ಟುಕೊಟ್ಟವರು ಗೌಡರಲ್ಲ, ಗೌಡರ ತಾಯಿ. ಊರೆಲ್ಲ ಆಕೆಯನ್ನು ದೊಡ್ಡವ್ವ ಎನ್ನುತ್ತಿತ್ತು. ನಾನೂ ಹಾಗೇ ಕರೆಯುತ್ತಿದ್ದೆ. ಹಣೆ ತುಂಬ ವಿಭೂತಿ, ಕೊರಳಲ್ಲಿ ಲಿಂಗ, ಒಮ್ಮೆ ಆಡಿದ ಮಾತನ್ನು ಶಿವನೇ ಬಂದು ಕೇಳಿದರೂ ಹಿಂದಕ್ಕೆ ತೆಗೆದುಕೊಳ್ಳದ ಜೀವ.

ಆಕೆ ಜಗಲಿ ಕೊಟ್ಟದ್ದಕ್ಕೆ ಒಂದು ಕಾರಣವಿತ್ತು. ಮನೆಯಲ್ಲಿ ತಾಯಿಯಿಲ್ಲದ ಮೊಮ್ಮಗಳಿದ್ದಳು, ಗೌಡರ ಮಗಳು. ಮಠಕ್ಕೆ ಹೋದಾಗ ಆ ಹುಡುಗಿ ಶರಣರ ವಚನವನ್ನು ತಾನೇ ಓದಿ ಹೇಳಬೇಕು, ತಾನು ಕೂತು ಕೇಳಬೇಕು, ಇದು ದೊಡ್ಡವ್ವನ ಆಸೆ. ಗೌಡರಿಗೆ ಹೆಣ್ಣುಮಕ್ಕಳು ಓದುವುದೇ ಸೇರುತ್ತಿರಲಿಲ್ಲ. ಆದರೂ ತಾಯಿಗೆ ಎದುರಾಡುವ ಎದೆಗಾರಿಕೆ ಇಲ್ಲದೆ, ಮನೆಯ ಜಗಲಿಯ ಮೇಲೆ ಕೂತು ಓದುವುದಾದರೆ ಓದಲಿ, ಊರ ಹಳ್ಳ ದಾಟಿ ಹೋಗುವುದು ಮಾತ್ರ ಬೇಡ ಎಂದು ಒಪ್ಪಿದ್ದರು. ಹೀಗೆ ಇಡೀ ಶಾಲೆಗೆ ಅವಳೊಬ್ಬಳೇ ಹುಡುಗಿ. ಹೇಳಿದ್ದನ್ನು ಒಂದೇ ಸಲಕ್ಕೆ ಹಿಡಿಯುವವಳೂ ಅವಳೊಬ್ಬಳೇ. ಉಳಿದವರಿಗೆ ಪಾಠ ಹೇಳುವುದೆಂದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ಒಂದು ದಿನ ಶಾಲೆಗಳ ಇನ್‌ಸ್ಪೆಕ್ಟರು ಬಂದರು. ಮೈಸೂರಿನ ಕಡೆಯವರು, ಜರಿ ಪೇಟ, ಕರೀ ಕೋಟು. ಗೆದ್ದಲು ತಿಂದ ನಕ್ಷೆಯ ಮುಂದೆ ನಿಂತು ನನ್ನನ್ನೂ ಸಿಂಹಳವನ್ನೂ ಮತ್ತೆ ಮತ್ತೆ ನೋಡಿದರು. ಹೊಸ ನಕ್ಷೆ ಬೇಕೆಂದು ಕೇಳಿಕೊಂಡೆ. ಕೊಡುವುದಿಲ್ಲವೆಂದರು. ಈಗಿನ ಪದ್ಧತಿಯೇ ಬೇರೆ, ಮಣ್ಣಿನಲ್ಲಿ ನಕ್ಷೆ ಮಾಡಿಸಬೇಕು, ಮಕ್ಕಳು ಬೆಟ್ಟವನ್ನು ಕೈಯಿಂದ ಮುಟ್ಟಿ ಕಲಿಯಬೇಕು, ಎಲ್ಲಕ್ಕಿಂತ ಮೊದಲು ದಿಕ್ಕು ದೆಸೆ ಅರಿಯಬೇಕು ಎಂದು ಉಪದೇಶ ಮಾಡಿದರು. ಹೊರಡುವಾಗ ಗಾಡಿಯಲ್ಲಿ ಕೂತು ಹೇಳಿದರು: "ಮುಂದಿನ ಸಲ ಬಂದಾಗ ಈ ಅಂಗಳದಲ್ಲಿ ಇಂಡಿಯಾ ದೇಶ ಇರಬೇಕು. ಮಕ್ಕಳು ಅದನ್ನು ನೋಡಿ ದಿಕ್ಕು ತೋರಿಸಬೇಕು. ಇಲ್ಲವಾದರೆ ಈ ಶಾಲೆಯನ್ನು ಎತ್ತಿ ಶ್ರೀರಾಂಪುರಕ್ಕೆ ಸೇರಿಸುತ್ತೇನೆ."

ಶ್ರೀರಾಂಪುರ ನಮ್ಮ ಹೋಬಳಿಯ ಊರು. ಎರಡು ಹರದಾರಿ, ಅಂದರೆ ಆರು ಮೈಲಿ ದಾರಿ. ನಡುವೆ ಹಳ್ಳ, ಹಳ್ಳದಾಚೆ ಕುರುಚಲು ಗುಡ್ಡ, ಗುಡ್ಡದಲ್ಲಿ ತೋಳ. ಶಾಲೆ ಅಲ್ಲಿಗೆ ಹೋದರೆ ಗಟ್ಟಿ ಕಾಲಿನ ಹುಡುಗರು ನಾಲ್ಕು ಜನ ನಡೆದು ಬಂದಾರು. ಆ ಹುಡುಗಿಯ ಓದು ಮಾತ್ರ ಅಲ್ಲಿಗೆ ಮುಗಿದಂತೆ. ಇದು ನನಗೂ ಗೊತ್ತಿತ್ತು, ದೊಡ್ಡವ್ವನಿಗೂ ಗೊತ್ತಿತ್ತು. ಅಂದೇ ಆಕೆ ಊರವರನ್ನೆಲ್ಲ ಅಂಗಳಕ್ಕೆ ಕರೆಸಿ, ಮೇಷ್ಟ್ರು ಹೇಳಿದಂತೆ ದೇಶ ಕಟ್ಟಿಕೊಡಿ ಎಂದು ಅಪ್ಪಣೆ ಮಾಡಿದಳು.

ಅಯ್ಯೋ, ಅಲ್ಲಿಂದ ಶುರುವಾಯಿತು ನನ್ನ ಕರ್ಮ. ಊರವರು ಬಂದರು, ಕೆರೆಯಿಂದ ಮಣ್ಣು ಹೊತ್ತರು, ಸಗಣಿ ಕಲಸಿದರು, ಅದರಲ್ಲೇನೂ ಕೊರತೆಯಿಲ್ಲ. ಆದರೆ ಒಬ್ಬೊಬ್ಬರಿಗೆ ಒಂದೊಂದು ದೇಶ. ನಾನು ಕಣದಷ್ಟು ಅಗಲಕ್ಕೆ ಗೆರೆ ಎಳೆದು, ಇದು ಹಿಮಾಲಯ, ಇದು ವಿಂಧ್ಯ ಎಂದು ಅಳತೆ ಹಾಕಿಕೊಟ್ಟೆ. ನೀರು ಕುಡಿದು ಬರುವಷ್ಟರಲ್ಲಿ ಶ್ರೀಶೈಲ ಹಿಮಾಲಯದ ಎತ್ತರಕ್ಕೆ ಎದ್ದು ನಿಂತಿತ್ತು. ಶ್ರೀಶೈಲದ ಮಲ್ಲಯ್ಯನ ಗಿರಿಗಿಂತ ಎತ್ತರದ ಬೆಟ್ಟ ಭೂಮಿಯ ಮೇಲೆ ಇರಲು ಸಾಧ್ಯವೇ ಇಲ್ಲ ಎಂದು ಗೌಡರ ಕಡೆಯವರ ವಾದ. ಕೆಡವಿಸಿದೆ. ಮತ್ತೆ ಎಬ್ಬಿಸಿದರು. ಮತ್ತೆ ಕೆಡವಿಸಿದೆ. ಅಷ್ಟರಲ್ಲಿ ಕುರುಬರ ಯಜಮಾನ ಬಂದು ತಮ್ಮ ದೇವರಿರುವ ಮೈಲಾರ ಎಲ್ಲಿ ಎಂದು ಕೇಳಿದ. ಇಷ್ಟು ದೊಡ್ಡ ದೇಶದಲ್ಲಿ ಮೈಲಾರಕ್ಕೆ ಜಾಗವಿಲ್ಲವೆಂದರೆ ತನ್ನ ಮಂದಿ ಮಣ್ಣು ಹೊರುವುದಿಲ್ಲವೆಂದು ಕಂಬಳಿ ಕೊಡವಿ ಎದ್ದೇಬಿಟ್ಟ. ಅವನಿಗಾಗಿ ತುಂಗಭದ್ರೆಯ ದಂಡೆಯಲ್ಲಿ ಒಂದು ಕಲ್ಲು ನೆಟ್ಟೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡುವುದು ಎಂದರೆ ಏನೆಂದು ನನಗೆ ಆ ವಾರದಲ್ಲಿ ತಿಳಿಯಿತು.

ಬಣ್ಣದ ಜಗಳ ಇನ್ನೊಂದು. ಬ್ರಿಟಿಷರ ಸೀಮೆಗೆ ಕೆಮ್ಮಣ್ಣು, ರಾಜರ ಸೀಮೆಗೆ ಹಳದಿ ಎಂದು ಹೇಳಿದ್ದೆ. ಬಳಿದು ನೋಡಿದರೆ ಎಲ್ಲೆಲ್ಲೂ ಕೆಂಪು, ನಮ್ಮ ಮೈಸೂರು ಅಂಗೈಯಗಲ ಹಳದಿ. ಮಹಾರಾಜರು ಇಷ್ಟೇ ನೆಲಕ್ಕೆ ಮಹಾರಾಜರೇ ಎಂದು ಊರವರಿಗೆ ನನ್ನ ಮೇಲೇ ಗುಮಾನಿ. ಕುರುಬರಿಗೆ ಗಡಿಯೆಂಬುದೇ ಅರ್ಥವಾಗದು. ಹಿರಿಯೂರು ದಾಟಿ ಮೂಡಲಿಗೆ ಹೋದರೆ ಬ್ರಿಟಿಷರ ಕುಂಪಣಿ ಸೀಮೆ ಬರುತ್ತದೆ, ಅಲ್ಲಿ ಸರ್ಕಾರ ಬೇರೆ ಎಂದೆ. ಅಲ್ಲಿಯ ಹುಲ್ಲೂ ಇದೇ ಹುಲ್ಲು, ಅಲ್ಲಿಯ ತೆಲುಗರ ಮನೆಯ ಹೆಣ್ಣೂ ನಮ್ಮ ಸೊಸೆಯೇ, ಹಾಗಿರುವಾಗ ಬಣ್ಣ ಏಕೆ ಬೇರೆ ಎಂದು ಕೇಳಿದರು. ಹಾಗಲ್ಲಪ್ಪ ಎಂದು ಬಿಡಿಸಿ ಹೇಳಿ ಹೇಳಿ ನನ್ನ ಗಂಟಲು ಬಿದ್ದುಹೋಯಿತು. ಅವರ ಲೆಕ್ಕದಲ್ಲಿ ದಾವಣಗೆರೆಗೆ ಹತ್ತಿ ಹೇರಿಕೊಂಡು ಹೋದವನೂ ದೇಶಾಂತರ ಹೋದವನೇ. ಸಮುದ್ರವನ್ನು ಹೇಗೆ ತಿಳಿಸಲಿ? ಆಗ ಹಿರಿಯೂರಿನ ಹತ್ತಿರ ಮಾರಿಕಣಿವೆಗೆ ದೊಡ್ಡ ಕಟ್ಟೆ ಕಟ್ಟುತ್ತಿದ್ದರು. ಆ ಕಣಿವೆ ತುಂಬಿ ನಿಂತ ನೀರಿಗೆ ಆಚೆ ದಡವೇ ಇಲ್ಲದಿದ್ದರೆ ಹೇಗೋ ಹಾಗೆ ಎಂದೆ. ಆಚೆ ದಡವಿಲ್ಲದಿದ್ದರೆ ನೀರು ಹೇಗೆ ನಿಲ್ಲುತ್ತದೆ ಎಂದರು. ಗೋಡೆಗೆ ಹಣೆ ಚಚ್ಚಿಕೊಳ್ಳುವುದೊಂದು ಬಾಕಿ.

ಕೊನೆಗೆ ನಮ್ಮೂರು ಎಲ್ಲಿ ಎಂಬ ಪ್ರಶ್ನೆ ಬಂತು. ಬರದೆ ಇರುತ್ತದೆಯೇ? ಹಳದಿಯ ನಡುವೆ ಒಂದು ರಾಗಿ ಕಾಳು ಇಟ್ಟು ತೋರಿಸಿದೆ. ಒಬ್ಬ ಬಗ್ಗಿ ಕಾಳನ್ನು ನೋಡಿ, ಇಷ್ಟಕ್ಕೇ ನಾವು ಇಷ್ಟು ಮಣ್ಣು ಹೊತ್ತೆವಲ್ಲ ಎಂದ. ಆ ಕಾಳನ್ನು ಗುಬ್ಬಿಗಳು ದಿನಾ ಬೆಳಿಗ್ಗೆ ಬಂದು ತಿಂದು ಹೋಗುತ್ತಿದ್ದವು. ದಿನಾ ಬೆಳಿಗ್ಗೆ ಗೌಡರ ಮಗಳು ಒಳಗಿನಿಂದ ಹೊಸ ಕಾಳು ತಂದು ಅದೇ ಜಾಗದಲ್ಲಿ ಇಡುತ್ತಿದ್ದಳು.

ಅಂತೂ ಮುಗಿಯಿತು. ಬಾಯಿಬಿಟ್ಟು ಹೇಳುತ್ತೇನೆ, ಚೆನ್ನಾಗಿತ್ತು. ಹಿಮಾಲಯದ ಮೇಲೆ ಹಿಮಕ್ಕೆಂದು ಕುರುಬರ ಯಜಮಾನ ಬಿಳಿ ಉಣ್ಣೆ ಹೊದಿಸಿದ. ಬಂಗಾಳದಲ್ಲಿ ಭತ್ತದ ಬೆಳೆಗೆಂದು ಮೊಳಕೆ ಬಂದ ರಾಗಿ ನೆಟ್ಟಿದ್ದೆವು. ಒಂದು ಮೇಕೆ ಒಮ್ಮೆ ಬಂಗಾಳವನ್ನು ಮೇದು ಹೋದದ್ದು ಬಿಟ್ಟರೆ ದೇಶಕ್ಕೆ ಮತ್ತಾವ ಗಂಡಾಂತರವೂ ಬರಲಿಲ್ಲ. ನೆನಪಿನಲ್ಲಿ ಉಳಿಯಲೆಂದು ಮಕ್ಕಳಿಗೆ ಒಂದು ಪಾಠ ಕಟ್ಟಿಕೊಟ್ಟೆ: ತಲೆ ಹಿಮಾಲಯ, ಕಾಲು ಕನ್ಯಾಕುಮಾರಿ, ಒಂದು ಕೈ ಸಿಂಧು, ಒಂದು ಕೈ ಬಂಗಾಳ. ಮಕ್ಕಳು ಅದನ್ನು ಹಾಡಿಕೊಂಡು ಊರೆಲ್ಲ ತಿರುಗಿದರು. ನನಗೆ ಬಹಳ ಹೆಮ್ಮೆ.

ಆ ಹಾಡು ದೊಡ್ಡವ್ವನ ಕಿವಿಗೆ ಬಿತ್ತು. ಒಂದು ಮಧ್ಯಾಹ್ನ ಹೊರಗೆ ಬಂದು ನಕ್ಷೆಯ ಸುತ್ತ ಒಂದು ಸುತ್ತು ಬಂದಳು.

"ಮೇಷ್ಟ್ರೆ, ಇದಕ್ಕೆ ತಲೆ ಯಾವ ಕಡೆ ಐತೆ?"

"ಉತ್ತರಕ್ಕೆ, ದೊಡ್ಡವ್ವ."

"ಉತ್ತರಕ್ಕೆ ತಲೆ ಹಾಕಿ ಯಾರು ಮಲಗ್ತಾರ್ರಿ? ಗಣಪ್ಪಗೆ ಅಂತ ಆನೆ ತಲೆ ಕಡಿದಿದ್ದು ಯಾಕೆ? ಅದು ಉತ್ತರಕ್ಕೆ ತಲೆ ಹಾಕಿ ಮಲಗಿತ್ತು, ಅದಕ್ಕೇ. ದಿಕ್ಕು ತಪ್ಪಿ ಮಲಗಿದ್ದು ಏಳಾದಿಲ್ಲ."

ನನಗೆ ನಗು ಬಂತು. ದೇಶ ಮಲಗಿಲ್ಲ, ಹಿಮಾಲಯ ನಿಜವಾಗಿಯೂ ಉತ್ತರದಲ್ಲೇ ಇದೆ, ಅದನ್ನು ಅಲ್ಲಿಟ್ಟವನು ನಾನಲ್ಲ, ಶಿವ ಎಂದೆ. ಶಿವನ ಹೆಸರು ಹೇಳಿದರೆ ಸುಮ್ಮನಾಗುತ್ತಾಳೆಂದು ನನ್ನ ಲೆಕ್ಕ. ಆಕೆ, ಅಲ್ಲಿ ಹೇಗಾದರೂ ಇರಲಿ, ನಮ್ಮ ಅಂಗಳದಲ್ಲಿ ಏಕೆ ಹಾಗಿರಬೇಕು ಎಂದಳು. ಆ ವರ್ಷ ಪ್ಲೇಗು ಚಿತ್ರದುರ್ಗಕ್ಕೆ ಬಂದು ಹೊಳಲ್ಕೆರೆಗೂ ಇಳಿದಿತ್ತು. ಎಷ್ಟೋ ಊರಿನವರು ಮನೆ ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡಿದ್ದರು. ದೇಶವೇ ಹೀಗೆ ಮಲಗಿರುವಾಗ ಬೇನೆ ಬರದೆ ಇನ್ನೇನು ಎಂದು ಆಕೆಯ ಮಾತು. ಇನ್‌ಸ್ಪೆಕ್ಟರು ಬರುವ ಹೊತ್ತಿಗೆ ಇಂಥ ಅಪಶಕುನ ಅಂಗಳದಲ್ಲಿದ್ದರೆ ಶಾಲೆಗೆ ಒಳ್ಳೆಯದಾಗುತ್ತದೆಯೇ ಎಂದೂ ಕೇಳಿದಳು. ನಾನು ಸರಿ ಸರಿ ಎಂದು ತಲೆಯಾಡಿಸಿ ಮಗ್ಗಿ ಹೇಳಿಸಲು ಹೋದೆ. ಮುದುಕರ ಮಾತಿಗೆ ಎಲ್ಲರೂ ಹೀಗೇ ತಲೆಯಾಡಿಸುತ್ತಾರೆ.

ಇನ್‌ಸ್ಪೆಕ್ಟರು ಹೊಸದುರ್ಗದ ಬಂಗಲೆಯಲ್ಲಿ ಇಳಿದಿದ್ದಾರೆಂದು ಸುದ್ದಿ ಬಂತು. ಕರೆತರಲು ನಾನೇ ಗೌಡರ ಗಾಡಿಯಲ್ಲಿ ಹಿಂದಿನ ದಿನ ಹೋದೆ. ಬೆಳಿಗ್ಗೆ ಅವರನ್ನು ಕೂರಿಸಿಕೊಂಡು ಹೊರಟೆ. ತೆಂಗಿನ ತೋಟಗಳು ಮುಗಿದು ಬಯಲು ಬರುವಷ್ಟರಲ್ಲಿ ನಾನು ನಕ್ಷೆಯ ವರ್ಣನೆ ಮುಗಿಸಿದ್ದೆ. ಅವರೂ ಸಂತೋಷದಿಂದಿದ್ದರು. ಇಂಥ ಹಳ್ಳಿಯಲ್ಲಿ ಇಂಥ ಕೆಲಸವೇ ಎಂದು ಎರಡು ಸಲ ಅಂದರು. ಊರ ಮುಂದೆ ಗೌಡರೇ ಬಂದು ಎದುರುಗೊಂಡರು. ಹಲಗೆ ಬಡಿಸಿದರು. ಅಂಗಳಕ್ಕೆ ಕಾಲಿಟ್ಟೆ.

ದೇಶ ತಿರುಗಿ ಮಲಗಿತ್ತು. ಹಿಮಾಲಯ ಬಿಳಿ ಉಣ್ಣೆ ಹೊದ್ದು ತೆಂಕಣ ದಿಕ್ಕಿನಲ್ಲಿ, ಬಾವಿಯ ಪಕ್ಕ. ಕನ್ಯಾಕುಮಾರಿ ಬಡಗಣ ಗೋಡೆಯ ಬುಡದಲ್ಲಿ. ಸೂರ್ಯ ಸಿಂಧೂ ದೇಶದ ಕಡೆಯಿಂದ ಹುಟ್ಟಿ ಮೇಲೆ ಬಂದಿದ್ದ. ನಾನು ಊರು ಬಿಟ್ಟ ಕೂಡಲೇ ಊರವರೆಲ್ಲ ಸೇರಿ ಒಡೆದು, ಕಲಸಿ, ಹೊಸದಾಗಿ ಕಟ್ಟಿದ್ದರು. ನನಗಾಗಿ, ಶಾಲೆಗಾಗಿ ಕಟ್ಟಿದ್ದರು, ಅದೇ ನನ್ನ ಹೊಟ್ಟೆಯುರಿ. ಎಲ್ಲರ ಮುಖದಲ್ಲೂ ನಗು.

ಇನ್‌ಸ್ಪೆಕ್ಟರು ಪೇಟ ಸರಿಮಾಡಿಕೊಂಡು ಒಮ್ಮೆ ಸೂರ್ಯನನ್ನು ನೋಡಿದರು, ಒಮ್ಮೆ ನಕ್ಷೆಯನ್ನು ನೋಡಿದರು. ಮಕ್ಕಳನ್ನು ನಿಲ್ಲಿಸಿ ಕಾಶಿ ಯಾವ ದಿಕ್ಕಿಗಿದೆ ಎಂದು ಕೇಳಿದರು. ಎಲ್ಲರೂ ಒಟ್ಟಿಗೆ ಉತ್ತರ ಎಂದು ಕೂಗಿದರು. ಕೈ ತೋರಿಸಿ ಎಂದರು. ಅಷ್ಟೂ ಕೈಗಳು ತೆಂಕಣಕ್ಕೆ ಎದ್ದವು. ರಾಮೇಶ್ವರ ಎಲ್ಲಿ ಎಂದರು. ದಕ್ಷಿಣ ಎಂದು ಕೂಗಿ ಬಡಗಣ ಗೋಡೆಗೆ ಬೆರಳು ಮಾಡಿದರು. ನನ್ನ ಕಾಲ ಕೆಳಗಿನ ನೆಲ ಬಾಯಿ ಬಿಡಬಾರದೇ ಅನ್ನಿಸಿತು.

ನಾನು ನಡುವೆ ಬಾಯಿ ಹಾಕಿದೆ. ಇದು ಮಕ್ಕಳ ತಪ್ಪಲ್ಲ, ನಿನ್ನೆಯವರೆಗೆ ಸರಿಯಾಗಿತ್ತು, ಊರವರು ತಿರುಗಿಸಿದ್ದಾರೆ ಎಂದೆ. ಅಷ್ಟರಲ್ಲಿ ಬಾಗಿಲ ಮರೆಯಿಂದ ದೊಡ್ಡವ್ವನ ದನಿ ಬಂತು. "ನಾನೇ ತಿರುಗಿಸಿದ್ದು ಸ್ವಾಮಿ. ದಿಕ್ಕು ಕೆಟ್ಟು ಮಲಗಿತ್ತು. ಈಗ ನೆಟ್ಟಗಾಗೈತೆ ನೋಡ್ರಿ."

ಇನ್‌ಸ್ಪೆಕ್ಟರು ನಕ್ಕರು. ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಊರವರೂ ಅವರ ಜೊತೆ ನಕ್ಕರು, ದೊರೆಗಳಿಗೆ ಸಂತೋಷವಾಯಿತೆಂದು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಆ ನಗು ಮಾತ್ರ ನನ್ನ ಮೈಯೆಲ್ಲ ಉರಿಸಿತು.

ಆಗ ಗೌಡರು ಮುಂದೆ ಬಂದು, ದೇಶವನ್ನು ತಿರುಗಿಸಿ ಕಟ್ಟುವಾಗ ಯಾವುದು ಎಲ್ಲಿ ಬರಬೇಕೆಂದು ಯಾರಿಗೂ ತಿಳಿಯಲಿಲ್ಲ, ತಮ್ಮ ಮಗಳೇ ಜಗಲಿಯ ಮೇಲೆ ನಿಂತು ಹೇಳಿ ಹೇಳಿ ಕಟ್ಟಿಸಿದಳು ಎಂದು ಸಂಕೋಚದಿಂದಲೇ ಹೇಳಿದರು. ನಾನು ಬಗ್ಗಿ ನೋಡಿದೆ. ನರ್ಮದೆ ಪಡುವಣ ಕಡಲಿಗೇ ಹರಿದಿತ್ತು, ಗೋದಾವರಿ ಮೂಡಣ ಕಡಲಿಗೆ. ವಿಂಧ್ಯ, ಸಹ್ಯಾದ್ರಿ, ನಿಜಾಮನ ಸೀಮೆ, ಮೈಲಾರದ ಕಲ್ಲು, ರಾಗಿಯ ಕಾಳು, ಎಲ್ಲ ಅದರದರ ಜಾಗದಲ್ಲಿ. ಬೆಳಗಾಗುವುದರೊಳಗೆ ಅಷ್ಟು ದೊಡ್ಡ ದೇಶವನ್ನು ಆ ಹುಡುಗಿ ತಲೆಕೆಳಗು ಮಾಡಿ ಒಂದು ನದಿಯನ್ನೂ ತಪ್ಪದೆ ಇಳಿಸಿದ್ದಳು. ಟ್ರೈನಿಂಗ್ ಶಾಲೆಯಲ್ಲಿ ನನ್ನ ಜೊತೆ ಕಲಿತ ಒಬ್ಬನಿಗೂ ಇದು ಆಗುತ್ತಿರಲಿಲ್ಲ. ಇನ್‌ಸ್ಪೆಕ್ಟರಿಗೆ ತೋರಿಸಿದೆ, ಕೈಮುಗಿದು ತೋರಿಸಿದೆ.

"ರಂಗೋಲಿ ಹಾಕುವ ಕೈ," ಎಂದರು ಅವರು. "ಅದು ಭೂಗೋಳವಲ್ಲ. ಊರವರಿಗೆ ದಿಕ್ಕು ತಿಳಿಸಲಾರದ ಮೇಷ್ಟ್ರು ಮಕ್ಕಳಿಗೇನು ತಿಳಿಸುತ್ತೀರಿ?"

ಅವಳು ಗೋಡೆಗೊರಗಿ ನಿಂತು ನನ್ನ ಮುಖವನ್ನೇ ನೋಡುತ್ತಿದ್ದಳು. ತಪ್ಪೇನಾಯಿತೆಂದು ನಾನು ಹೇಳಬೇಕಿತ್ತು. ಏನೆಂದು ಹೇಳಲಿ? ತಪ್ಪೇ ಆಗಿರಲಿಲ್ಲವಲ್ಲ.

ಶಾಲೆಯನ್ನು ಶ್ರೀರಾಂಪುರಕ್ಕೆ ಸೇರಿಸಿದ್ದಾಗಿ ಅಪ್ಪಣೆ ಬಂತು. ಅಷ್ಟರೊಳಗೆ ಸುತ್ತಿನ ಎರಡು ಮೂರು ಊರುಗಳಿಗೆ ಪ್ಲೇಗು ಬಂತು. ನಮ್ಮೂರಿಗೆ ಬರಲಿಲ್ಲ. ಇದಕ್ಕಿಂತ ಕೆಟ್ಟ ಗಳಿಗೆಯಲ್ಲಿ ಅದು ನಮ್ಮನ್ನು ಬಿಟ್ಟುಹೋಗಲು ಸಾಧ್ಯವೇ ಇರಲಿಲ್ಲ. ಬರಬೇಕಿತ್ತೆಂದು ನಾನು ಅನ್ನುವುದಿಲ್ಲ, ನಾಲಗೆ ಬಿದ್ದುಹೋದೀತು. ಆದರೆ ದೊಡ್ಡವ್ವನ ಜೊತೆ ವಾದ ಮಾಡಲು ನನಗೆ ಇದ್ದ ಒಂದು ದಾರಿಯೂ ಮುಚ್ಚಿಹೋಯಿತು. ಆದರೂ ಬಿಡಲಿಲ್ಲ. ಒಂದು ದಿನ ಸಿಟ್ಟು ತಡೆಯಲಾರದೆ, ನೀವು ತಿರುಗಿಸಿದ್ದಕ್ಕೇ ಶಾಲೆ ಹೋಯಿತು ದೊಡ್ಡವ್ವ ಎಂದು ಮುಖಕ್ಕೇ ಅಂದುಬಿಟ್ಟೆ. ತಾನು ತಿರುಗಿಸದಿದ್ದರೆ ಊರೇ ಹೋಗುತ್ತಿತ್ತು, ಸ್ಕೂಲು ಹೋದರೆ ಮತ್ತೊಂದು ಬರುತ್ತದೆ ಎಂದಳು. ಗಿಂಡಿಯಲ್ಲಿ ಮಜ್ಜಿಗೆ ತಂದುಕೊಟ್ಟಳು. ಕುಡಿದೆ. ಇನ್ನೇನು ಮಾಡಲಿ?

ಹೊರಡುವ ದಿನ ಗೌಡರ ಗಾಡಿಗೇ ಶಾಲೆಯನ್ನು ಹೇರಿದರು. ಕರಿ ಹಲಗೆ, ಒಂದು ಕುರ್ಚಿ, ಮಣೆಗಳು. ಗೆದ್ದಲು ಬಿಟ್ಟುಹೋದ ಸಿಂಹಳ ಕೂಡ. ಮುಂಗಾರಿನ ಮೊದಲ ಹನಿ ಬಿದ್ದು ಅಂಗಳದ ಹಿಮಾಲಯ ಸ್ವಲ್ಪ ಜಾರಿತ್ತು, ಉಣ್ಣೆ ನೆನೆದು ಅಂಟಿಕೊಂಡಿತ್ತು. ಹುಡುಗಿ ಅಂದೂ ಬೆಳಿಗ್ಗೆ ಎದ್ದು ಹೊಸ ಕಾಳು ಇಟ್ಟಿದ್ದಳು.

ದೊಡ್ಡವ್ವ ಕೋಲೂರಿಕೊಂಡು ನಕ್ಷೆಯ ಹತ್ತಿರ ಬಂದಳು. ಅಷ್ಟು ದಿನ ನನ್ನ ಒಂದು ಮಾತಿಗೂ ಕಿವಿಗೊಡದವಳು ಅಂದು ನನ್ನನ್ನು ಕರೆದು ಬಗ್ಗಿ ನಿಂತಳು.

"ಇದು ನಮ್ಮೂರು ಅಲ್ವೇನ್ರಿ ಮೇಷ್ಟ್ರೆ, ಈ ಕಾಳು?"

"ಹೌದು ದೊಡ್ಡವ್ವ."

"ಹಂಗಾದ್ರೆ ಶ್ರೀರಾಂಪುರ ಯಾವುದು?"

ನಾನು ನೋಡಿದೆ. ಅಳತೆ ನನ್ನದೇ. ಸುಳ್ಳು ಹೇಳಲು ಬರುವಂತಿರಲಿಲ್ಲ. ಅದೂ ಇದೇ ಕಾಳಿನ ಅಡಿಯಲ್ಲೇ ಬರುತ್ತದೆ, ಹೊಸದುರ್ಗವೂ ಅಷ್ಟೇ ಎಂದೆ.

ಆಕೆಯ ಮುಖ ಅರಳಿತು. ಅಷ್ಟು ವರ್ಷದಲ್ಲಿ ಆ ಮುಖ ಹಾಗೆ ಅರಳಿದ್ದನ್ನು ನಾನು ನೋಡಿರಲಿಲ್ಲ. ಹಗ್ಗ ಬಿಗಿಯುತ್ತಿದ್ದ ಮಗನ ಕಡೆ ತಿರುಗಿದಳು.

"ಲೇ, ಕೇಳಿದೇನೋ? ಎರಡೂ ಒಂದೇ ಕಾಳಿನಾಗೆ ಐತಂತೆ. ಇಷ್ಟು ಹತ್ರ ಇಟ್ಕಂಡು ಕೂಸಿನ ಕೈಲಿ ಓದು ಬಿಡಿಸ್ತಿಯಲ್ಲೋ. ದಿನಾ ಹೋಗಿ ಬರ್ತೈತೆ ಬಿಡು."

ಗೌಡರು ಹಗ್ಗ ಹಿಡಿದುಕೊಂಡೇ ನನ್ನನ್ನು ನೋಡಿದರು. ಆ ಹಳ್ಳ, ಆ ಗುಡ್ಡ ಎರಡನ್ನೂ ಅವರು ಹುಟ್ಟಿದಾಗಿನಿಂದ ಬಲ್ಲವರು. ಆದರೂ ಕೇಳಿದರು, "ಹೌದೇನ್ರಿ ಮೇಷ್ಟ್ರೆ?"

ಹುಡುಗಿ ಜಗಲಿಯ ಕಂಬ ಹಿಡಿದು ನಿಂತಿದ್ದಳು. ನಾನು ಹೌದು ಎಂದೆ. ಬಹಳ ಹತ್ತಿರ ಎಂದೆ.

ಗೌಡರು ಗಂಟು ಹಾಕಿ ಮುಗಿಸಿ, ಎತ್ತುಗಳನ್ನು ತಂದು ನೊಗಕ್ಕೆ ಕಟ್ಟಿದರು. ಹಳ್ಳದ ಮರಳಿನಲ್ಲಿ ಗಾಲಿ ಹೂತು, ಇಬ್ಬರೂ ಇಳಿದು ಹೆಗಲು ಕೊಟ್ಟು ನೂಕಿದೆವು. ಆಗ ನನ್ನ ಕಡೆ ನೋಡದೆ ಕೇಳಿದರು: "ಕಾಳು ದೊಡ್ಡದೈತಲ್ರಿ ಮೇಷ್ಟ್ರೆ?"

ಶ್ರೀರಾಂಪುರದಲ್ಲಿ ಮಾರನೆಯ ದಿನ ಶಾಲೆ ತೆರೆದೆ. ಗೋಡೆಯಿತ್ತು, ಬಾಗಿಲಿತ್ತು, ಒಳ್ಳೆಯ ಕಟ್ಟಡ. ಹೊಸ ನಕ್ಷೆಯನ್ನೂ ಕೊಟ್ಟಿದ್ದರು, ಉತ್ತರಕ್ಕೆ ತಲೆ ಹಾಕಿದ್ದು. ನಮ್ಮೂರಿನಿಂದ ಹುಡುಗರು ಮೂವರು ಕಾಲೆಲ್ಲ ಕೆಸರು ಮಾಡಿಕೊಂಡು ಬಂದರು. ಬಾಗಿಲಲ್ಲಿ ನಿಂತು ಅವರ ಹಿಂದಿನ ದಾರಿಯನ್ನು ಬಹಳ ಹೊತ್ತು ನೋಡಿದೆ. ಆಮೇಲೆ ಒಳಗೆ ಬಂದು ನಕ್ಷೆಯನ್ನು ಗೋಡೆಯ ಕಡೆಗೆ ತಿರುಗಿಸಿಟ್ಟು ಮಗ್ಗಿ ಹೇಳಿಸಿದೆ.